ಕುದುರೆ ಟ್ರೈಲರ್‌ಗೆ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್: ಎಂಜಿನ್ ಆಮೇಲೆ ನೋಡಿ

ಹಳೆಯ ಫೋರ್ ವೀಲ್ ಡ್ರೈವ್ ಮಾರುವವರು ಮೊದಲು ಹೊಗಳುವುದು ಎಂಜಿನ್ನನ್ನೇ. ‘ಇನ್ನೂರು ಎಚ್‌ಪಿ ಇದೆ, ಏನು ಕಟ್ಟಿದರೂ ಎಳೆದುಕೊಂಡು ಹೋಗುತ್ತೆ’ ಅನ್ನುತ್ತಾರೆ. ಅದು ಸುಳ್ಳೇನಲ್ಲ. ಆದರೆ ಕುದುರೆ ಟ್ರೈಲರ್ ವಿಷಯದಲ್ಲಿ ಎಳೆಯುವುದೇ ಎಲ್ಲಕ್ಕಿಂತ ಸುಲಭದ ಕೆಲಸ. ಎಳೆದದ್ದನ್ನು ನಿಲ್ಲಿಸಬೇಕು. ಅದು ಓಲಾಡದಂತೆ ಹಿಡಿದುಕೊಳ್ಳಬೇಕು. ಇಳಿಜಾರಿನಲ್ಲಿ ಮೇಲೆ ಬೀಳದಂತೆ ತಡೆಯಬೇಕು. ಗಾಡಿಯ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿ.

ಮೊದಲು ತೂಕದ ಲೆಕ್ಕ. ಸವಾರಿಯ ಕುದುರೆ ಸಾಮಾನ್ಯವಾಗಿ 450ರಿಂದ 600 ಕೆ.ಜಿ. ಇರುತ್ತದೆ. ಶೈರ್‌ನಂಥ ದೊಡ್ಡ ತಳಿಯದಾದರೆ 900 ದಾಟುವುದೂ ಉಂಟು. ಎರಡು ಕುದುರೆ ಹಿಡಿಸುವ ಟ್ರೈಲರ್ ಖಾಲಿ ಇದ್ದಾಗಲೇ ಸುಮಾರು ಒಂದು ಟನ್ ತೂಗುತ್ತದೆ. ಎರಡು ಕುದುರೆ, ಜೀನು, ಹುಲ್ಲು, ನೀರಿನ ಕ್ಯಾನು ಎಲ್ಲ ಸೇರಿದರೆ 2300 ಕೆ.ಜಿ.ಯಷ್ಟಾಯಿತು. ಎಳೆಯುವ ಗಾಡಿ 2200 ಅಂದುಕೊಳ್ಳೋಣ. ಒಟ್ಟು ನಾಲ್ಕೂವರೆ ಟನ್.

ಇದನ್ನು ಏರು ಹತ್ತಿಸಲು ಎಷ್ಟು ಶಕ್ತಿ ಬೇಕು? ನೂರು ಮೀಟರಿಗೆ ಹತ್ತು ಮೀಟರ್ ಏರುವ ರಸ್ತೆಯಲ್ಲಿ, ಗಂಟೆಗೆ 40 ಕಿ.ಮೀ. ವೇಗದಲ್ಲಿ, ಬರೀ ಏರುವುದಕ್ಕೆ ಸುಮಾರು 49 ಕಿಲೋವ್ಯಾಟ್, ಅಂದರೆ 65 ಎಚ್‌ಪಿ ಸಾಕು. ಗಾಳಿ, ಟೈರು, ಗೇರುಗಳು ತಿನ್ನುವ ಪಾಲು ಸೇರಿಸಿದರೂ ನೂರರ ಒಳಗೇ ಬರುತ್ತದೆ. 1990ರ ದಶಕದ ಲ್ಯಾಂಡ್ ರೋವರ್ ಡಿಫೆಂಡರ್‌ನ 300 ಟಿಡಿಐ ಎಂಜಿನ್ ಕೊಡುತ್ತಿದ್ದದ್ದು 111 ಎಚ್‌ಪಿ ಮಾತ್ರ. ಆದರೂ ಆ ಗಾಡಿಗೆ ಬ್ರೇಕ್ ಇರುವ 3500 ಕೆ.ಜಿ. ಟ್ರೈಲರ್ ಎಳೆಯಲು ಅನುಮತಿ ಇತ್ತು. ನಿಧಾನವಾಗಿ ಹೋಗುತ್ತಿತ್ತು, ಅಷ್ಟೆ. ಅಂದಹಾಗೆ, ಕುದುರೆಗೇ ಒಂದು ಎಚ್‌ಪಿ ಅಂತ ತಿಳಿಯಬೇಡಿ. ಅದು ದಿನವಿಡೀ ದುಡಿಯುವ ಲೆಕ್ಕ. ಒಂದೆರಡು ಕ್ಷಣಕ್ಕಾದರೆ ಕುದುರೆ 15 ಎಚ್‌ಪಿ ತನಕ ಕೊಡಬಲ್ಲದು ಎಂದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಲೆಕ್ಕಾಚಾರ ಹೇಳುತ್ತದೆ. ಹಿಂದೆ ನಿಂತ ಸವಾರಿಗಳೂ ಕಡಿಮೆಯವೇನಲ್ಲ!

ಈಗ ಅದೇ ನಾಲ್ಕೂವರೆ ಟನ್ ಇಳಿಯಲಿ. 300 ಮೀಟರ್ ಎತ್ತರದಿಂದ ಕೆಳಗೆ ಬಂದರೆ 13 ದಶಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಬೇಕು. 40 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಅದು. ಎಂಜಿನ್ ತಡೆಯದಿದ್ದರೆ ಹೆಚ್ಚುಕಮ್ಮಿ ಅಷ್ಟೂ ಬ್ರೇಕ್ ಡಿಸ್ಕುಗಳ ಮೇಲೆ ಬೀಳುತ್ತದೆ. ಇಲ್ಲಿ ಹಳೆಯ ಗಾಡಿಯ ಒಂದು ಗುಟ್ಟಿದೆ. ಬ್ರೇಕ್ ಆಯಿಲ್ ವರ್ಷಗಟ್ಟಲೆ ಗಾಳಿಯಿಂದ ತೇವ ಹೀರುತ್ತಾ ಇರುತ್ತದೆ. ಡಾಟ್ 4 ಅನ್ನುವ ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಕುಡಿದ ಆಯಿಲ್‌ಗೆ ನಿಗದಿಯಾದ ಮಿತಿ 155 ಡಿಗ್ರಿ ಮಾತ್ರ. ಆಯಿಲ್ ಕುದಿದರೆ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುತ್ತದೆ. ಊರೊಳಗಿನ ಟೆಸ್ಟ್ ಡ್ರೈವಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಯಾವ ಗಾಡಿ ಕೊಂಡರೂ ಸರಿ, ಮಾರುವವರು ಏನೇ ಹೇಳಲಿ, ಬ್ರೇಕ್ ಆಯಿಲ್ ಬದಲಿಸಿಯೇ ಟ್ರೈಲರ್ ಕಟ್ಟಿ. ವೇಗವೂ ಸುಮ್ನೆ ಅಲ್ಲ. 80ರಿಂದ 100ಕ್ಕೆ ಏರಿಸಿದರೆ ವೇಗ ಕಾಲುಭಾಗ ಜಾಸ್ತಿಯಾಗುತ್ತದೆ, ಬ್ರೇಕ್ ತಡೆಯಬೇಕಾದ ಶಕ್ತಿ ಮಾತ್ರ ಒಂದೂವರೆ ಪಟ್ಟು ದಾಟುತ್ತದೆ.

ಬ್ರೇಕಿಗಿಂತಲೂ ಹೆದರಿಸುವ ಸಂಗತಿ ಒಂದಿದೆ. ಟ್ರೈಲರ್ ಬಾಲ ಬೀಸಲು ಶುರು ಮಾಡುವುದು. ಟ್ರೈಲರ್ ಅನ್ನುವುದು ಟೋ ಬಾಲ್‌ಗೆ, ಅಂದರೆ ಗಾಡಿಯ ಹಿಂದೆ ಟ್ರೈಲರ್ ಸಿಕ್ಕಿಸುವ ಗುಂಡಿಗೆ, ನೇತುಹಾಕಿದ, ಅಡ್ಡಡ್ಡಲಾಗಿ ತೂಗುವ ಲೋಲಕ. ಗಾಳಿಯೋ, ಪಕ್ಕದಲ್ಲಿ ಹಾದುಹೋದ ಲಾರಿಯೋ ಅದನ್ನು ಒಮ್ಮೆ ತಳ್ಳಿದರೆ ಆ ಕಡೆ ಈ ಕಡೆ ತೂಗುತ್ತದೆ. ಟೈರುಗಳು ರಸ್ತೆಗೆ ಉಜ್ಜಿ ಆ ತೂಗಾಟವನ್ನು ಸಾಯಿಸುತ್ತವೆ. ಎಷ್ಟು ಬೇಗ ಸಾಯಿಸುತ್ತವೆ ಅನ್ನುವುದು ಟೈರು ಎಷ್ಟು ಓರೆಯಾಗಿ ಉರುಳುತ್ತಿದೆ ಎಂಬುದರ ಮೇಲೆ ನಿಂತಿದೆ. ಮುಂದಕ್ಕೆ ಹೋಗುವ ವೇಗ ಜಾಸ್ತಿಯಾದಷ್ಟೂ, ಅದೇ ಅಡ್ಡ ತೂಗಾಟಕ್ಕೆ ಓರೆ ಕಡಿಮೆಯಾಗುತ್ತದೆ, ತಡೆಯೂ ಕಡಿಮೆಯಾಗುತ್ತದೆ. ಒಂದು ವೇಗ ದಾಟಿದ ಮೇಲೆ ತೂಗಾಟ ತಾನಾಗಿ ನಿಲ್ಲುವುದೇ ಇಲ್ಲ, ಬೆಳೆಯುತ್ತಾ ಹೋಗುತ್ತದೆ. ಆ ವೇಗದವರೆಗೆ ಎಲ್ಲವೂ ಸರಿಯಾಗೇ ಇತ್ತಲ್ಲ ಅಂತ ಚಾಲಕರಿಗೆ ಅನ್ನಿಸುವುದು ಇದಕ್ಕೇ. ಶುರುವಾದರೆ ಆಕ್ಸಿಲರೇಟರ್ ಬಿಟ್ಟು, ಸ್ಟೇರಿಂಗ್ ನೆಟ್ಟಗೆ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಬೇಕು. ಎದುರು ತಿರುಗಿಸಿ ಸರಿಮಾಡಲು ಹೋದರೆ ಕೈಯ ಹೊತ್ತೂ ತೂಗಾಟದ ಹೊತ್ತೂ ತಪ್ಪಿ ಇನ್ನಷ್ಟು ಕೆಡುತ್ತದೆ.

ಈ ತೂಗಾಟವನ್ನು ಎಳೆಯುವ ಗಾಡಿ ಎಷ್ಟು ತಡೆದುಕೊಳ್ಳುತ್ತದೆ? ಅದು ಎಂಜಿನ್ನಿನ ಮಾತಲ್ಲ, ಅಳತೆಯ ಮಾತು. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ದೂರ ಜಾಸ್ತಿ ಇರಬೇಕು, ಹಿಂದಿನ ಚಕ್ರದಿಂದ ಟೋ ಬಾಲ್‌ಗೆ ದೂರ ಕಡಿಮೆ ಇರಬೇಕು. ಟ್ರೈಲರ್ ಟೋ ಬಾಲ್ ಹಿಡಿದು ಅಡ್ಡಕ್ಕೆ ತಳ್ಳುವಾಗ ಹಿಂದಿನ ಆಕ್ಸಲ್ ನಡುವೆ ಸಿಕ್ಕ ಸನ್ನೆಗೋಲಿನ ಆನಿಕೆಯಾಗುತ್ತದೆ. ಹಿಂದಿನ ತುಂಡು ಉದ್ದವಾದಷ್ಟೂ ಟ್ರೈಲರಿನದೇ ಮೇಲುಗೈ. 2007ರಿಂದ 2018ರವರೆಗೆ ಬಂದ ಜೀಪ್ ರ‍್ಯಾಂಗ್ಲರ್ ಜೆಕೆಯನ್ನೇ ನೋಡಿ. ಎರಡು ಬಾಗಿಲಿನದಕ್ಕೂ ನಾಲ್ಕು ಬಾಗಿಲಿನದಕ್ಕೂ ಎಂಜಿನ್ ಒಂದೇ. ಅಮೆರಿಕದಲ್ಲಿ ಎರಡು ಬಾಗಿಲಿನದಕ್ಕೆ ಎಳೆಯುವ ಮಿತಿ 2000 ಪೌಂಡ್, ಸರಿಯಾದ ಟೋಯಿಂಗ್ ಸಲಕರಣೆ ಇರುವ ನಾಲ್ಕು ಬಾಗಿಲಿನದಕ್ಕೆ 3500 ಪೌಂಡ್. ಚಕ್ರಗಳ ನಡುವೆ ಅರ್ಧ ಮೀಟರಿನಷ್ಟು ವ್ಯತ್ಯಾಸ. ಅಂದಹಾಗೆ 3500 ಪೌಂಡ್ ಅಂದರೆ 1600 ಕೆ.ಜಿ. ಕೂಡ ಇಲ್ಲ. ನಮ್ಮ ಎರಡು ಕುದುರೆಗೆ ಎರಡೂ ಆಗಲ್ಲ. ಕಾಡುಮೇಡು ಹತ್ತುವ ಗಾಡಿ ಭಾರ ಎಳೆಯಲೇಬೇಕು ಅಂತೇನಿಲ್ಲ.

ಮೇಲಾಗಿ ಇದು ಇಟ್ಟಿಗೆಯ ಲೋಡ್ ಅಲ್ಲ. ಕುದುರೆ ನಿಂತೇ ಪ್ರಯಾಣ ಮಾಡುತ್ತದೆ. ಅದರ ಭಾರದ ಶೇ 60ರಷ್ಟು ಮುಂಗಾಲುಗಳ ಮೇಲಿರುತ್ತದೆ. ಭಾರದ ನಡುಬಿಂದು ನೆಲಹಾಸಿನಿಂದ ಒಂದು ಮೀಟರಿನಷ್ಟು ಮೇಲೆ. ರಸ್ತೆ ಅದಕ್ಕೆ ಕಾಣುವುದಿಲ್ಲ, ತಿರುವು ಬಂತು ಅಂತ ಯಾರೂ ಹೇಳುವುದಿಲ್ಲ. ಪ್ರತಿ ತಿರುವಿಗೂ ಕಾಲು ಅಗಲಿಸಿ ನಿಲ್ಲುತ್ತದೆ, ಪ್ರತಿ ಬ್ರೇಕಿಗೂ ಮುಂದಕ್ಕೆ ವಾಲುತ್ತದೆ. ಒಮ್ಮೊಮ್ಮೆ ಬೇಸರಕ್ಕೆ ಕಾಲು ಅಪ್ಪಳಿಸುತ್ತದೆ. ಅರ್ಧ ಟನ್ ಭಾರ ಹೀಗೆ ಜಾಗ ಬದಲಿಸುವುದು ಮುಂದಿನ ಗಾಡಿಗೆ ತಟ್ಟುತ್ತದೆ. ಗಾಡಿಯೇ ಹಗುರವಾಗಿದ್ದರೆ ಬಾಲ ನಾಯಿಯನ್ನು ಆಡಿಸಿದಂತಾಗುತ್ತದೆ. ಎಳೆಯುವ ಗಾಡಿ ಸ್ವತಃ ಭಾರ ಇರಬೇಕು ಅನ್ನುವುದು ಇದಕ್ಕೇ.

ಹಾಗಾದರೆ ಫೋರ್ ವೀಲ್ ಡ್ರೈವ್ ಯಾಕೆ ಬೇಕು? ಟಾರ್ ರಸ್ತೆಗಲ್ಲ. ಬ್ರೇಕ್ ಹಾಕುವಾಗ ಎಲ್ಲ ಗಾಡಿಯಲ್ಲೂ ನಾಲ್ಕು ಚಕ್ರವೂ ಕೆಲಸ ಮಾಡುತ್ತದೆ, ಅಲ್ವಾ? ಫೋರ್ ವೀಲ್ ಡ್ರೈವ್ ಇದ್ದರೆ ಬೇಗ ನಿಲ್ಲುತ್ತದೆ ಅನ್ನುವುದು ಬರೀ ಭ್ರಮೆ. ಅದು ಬೇಕಾಗುವುದು ಕೊನೆಯ ನೂರು ಮೀಟರಿಗೆ. ಮಳೆ ಬಂದ ಹುಲ್ಲುಗಾವಲಿನಲ್ಲಿ ಗಾಡಿ ನಿಲ್ಲಿಸಿ ಸಂಜೆ ಹೊರಡುತ್ತೀರಿ. ಮೆತ್ತನೆಯ ನೆಲದಲ್ಲಿ ಉರುಳುವುದಕ್ಕೇ ಒಟ್ಟು ತೂಕದ ಹತ್ತರಲ್ಲೊಂದು ಪಾಲು ಬಲ ಬೇಕು ಅಂತ ಹಿಡಿಯೋಣ. ನಾಲ್ಕೂವರೆ ಟನ್‌ಗೆ 450 ಕೆ.ಜಿ.ಯಷ್ಟು ಎಳೆತ. ಒದ್ದೆ ಹುಲ್ಲಿನ ಮೇಲೆ ಚಕ್ರಕ್ಕೆ ಸಿಗುವ ಹಿಡಿತ ಅದರ ಮೇಲಿನ ಭಾರದ ಶೇ 30 ಅನ್ನೋಣ. ಹಿಂದಿನ ಎರಡು ಚಕ್ರದ ಮೇಲೆ 1200 ಕೆ.ಜಿ. ಇದ್ದರೆ 360 ಸಿಗುತ್ತದೆ. ಸಾಲದು, ಚಕ್ರ ಸುತ್ತುತ್ತಾ ಕೆಸರು ತೋಡುತ್ತದೆ. ನಾಲ್ಕೂ ಚಕ್ರವನ್ನು ಎಂಜಿನ್ ತಿರುಗಿಸಿದರೆ ಇಡೀ ಗಾಡಿಯ ಭಾರ ಲೆಕ್ಕಕ್ಕೆ ಬಂದು 660ರ ಹತ್ತಿರ ಸಿಗುತ್ತದೆ. ಹೊರಗೆ ಬಂದಿರಿ. ಮುಂದಿನ ಚಕ್ರ ಮಾತ್ರ ತಿರುಗುವ ಕಾರಿನದಂತೂ ಇನ್ನೂ ಕಷ್ಟ. ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಆಚೆ ಟೋ ಬಾಲ್ ಮೇಲೆ 100 ಕೆ.ಜಿ. ಒತ್ತಿದರೆ, ಚಕ್ರಗಳ ನಡುವೆ 2.7 ಮೀಟರ್ ಇರುವ ಗಾಡಿಯ ಮೂತಿ 44 ಕೆ.ಜಿ. ಹಗುರವಾಗುತ್ತದೆ, ಹಿಂಭಾಗದ ಮೇಲೆ 144 ಬೀಳುತ್ತದೆ.

ನನ್ನ ಕಣ್ಣಿಗೆ ನಾಲ್ಕು ಚಕ್ರದಷ್ಟೇ ಬೆಲೆಬಾಳುವುದು ಲೋ ರೇಂಜ್ ಗೇರು. ಅದನ್ನು ಹಾಕಿದರೆ ಚಕ್ರ ಎರಡೂವರೆ, ಮೂರು ಪಟ್ಟು ನಿಧಾನ, ಬಲ ಅಷ್ಟೇ ಪಟ್ಟು ಜಾಸ್ತಿ. ಏರಿನಲ್ಲಿ ಟ್ರೈಲರನ್ನು ರಿವರ್ಸ್ ತೆಗೆದುಕೊಳ್ಳುವಾಗ ಅರ್ಧ ಕ್ಲಚ್ಚಿನಲ್ಲಿ ಒದ್ದಾಡಿ ಪ್ಲೇಟು ಸುಡುವ ಸಂಕಟ ತಪ್ಪುತ್ತದೆ. ಕುದುರೆಗೂ ಜರ್ಕ್ ಇರುವುದಿಲ್ಲ.

ಈಗ ಮಾರಾಟಕ್ಕಿಟ್ಟ ಗಾಡಿಯ ಹತ್ತಿರ ಬನ್ನಿ. ಬಾನೆಟ್ ಎತ್ತುವ ಮೊದಲು ಹಿಂದೆ ಹೋಗಿ ಬಗ್ಗಿ. ಟೋ ಬಾಲ್ ನೋಡಿ. ಹೆಚ್ಚಿನ ದೇಶಗಳಲ್ಲಿ ಅದು 50 ಮಿ.ಮೀ. ಗುಂಡು. 49ಕ್ಕೆ ಸವೆದಿದ್ದರೆ ಬದಲಿಸಲೇಬೇಕು. ಹಿಂದುಮುಂದಿನ ಮುಖ ಚಪ್ಪಟೆಯಾಗಿ ಮಿರುಗುತ್ತಿದ್ದರೆ ಆ ಗಾಡಿ ವರ್ಷಗಟ್ಟಲೆ ಭಾರ ಎಳೆದಿದೆ, ‘ಒಂದೆರಡು ಸಲ ಅಷ್ಟೆ’ ಅನ್ನುವ ಮಾತು ಏನೇ ಇರಲಿ. ಎಳೆದಿರುವುದು ತಪ್ಪೇನಲ್ಲ. ಎಳೆದೂ ಗೇರ್ ಬಾಕ್ಸ್ ಆಯಿಲ್ ಬದಲಿಸದಿರುವುದು ತಪ್ಪು. ಆಟೊಮ್ಯಾಟಿಕ್ ಗಾಡಿಯಲ್ಲಿ ಡಿಪ್‌ಸ್ಟಿಕ್ ಇದ್ದರೆ ಎಳೆದು ಬಿಳಿ ಬಟ್ಟೆಗೆ ಒರೆಸಿ. ಸಾಮಾನ್ಯವಾಗಿ ಕೆಂಪಗೆ, ತಿಳಿಯಾಗಿ ಇರಬೇಕು. ಕಂದು ಬಣ್ಣ, ಸುಟ್ಟ ವಾಸನೆ ಬಂದರೆ ಒಳಗೆ ಬಿಸಿ ತಿಂದಿದೆ. ಡಿಪ್‌ಸ್ಟಿಕ್ ಇಲ್ಲದ ಗಾಡಿಯಾದರೆ ಸರ್ವಿಸ್ ಬಿಲ್ಲು ಕೇಳಿ.

ಆಮೇಲೆ ಟೋ ಬಾಲ್ ಹೊತ್ತ ಟೋ ಬಾರ್ ಯಾವ ಕಬ್ಬಿಣಕ್ಕೆ ಬೋಲ್ಟ್ ಆಗಿದೆಯೋ ಅದನ್ನು ನೋಡಿ. ಹಳೆಯ ಡಿಫೆಂಡರ್‌ಗಳ ಚಾಸಿಯಲ್ಲಿ ಹಿಂದಿನ ಅಡ್ಡಪಟ್ಟಿಗೆ ತುಕ್ಕು ಹಿಡಿಯುವುದು ಎಲ್ಲರಿಗೂ ಗೊತ್ತಿರುವ ರೋಗ. ಎಲ್ಲ ಎಳೆತವೂ ಅದರ ಮೇಲೇ ತಾನೇ ಬೀಳುವುದು? ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ಒಳಗಿನಿಂದ ತಿಂದದ್ದು ಡಬ್ ಅನ್ನುತ್ತದೆ. ಹೊಸದಾಗಿ ಕಪ್ಪು ಬಳಿದ ಜಾಗದಲ್ಲಿ ಇನ್ನೆರಡು ಸಲ ತಟ್ಟಿ. ಮಾರುವವರು ‘ಸುತ್ತಿಗೆ ಬೇಡ’ ಅಂದರೆ ವಾಪಸ್ ಬಂದುಬಿಡಿ.

ಟೈರು ನಾಲ್ಕೂ ಒಂದೇ ಅಳತೆ, ಒಂದೇ ಸವೆತ ಇರಬೇಕು. ಸದಾ ನಾಲ್ಕು ಚಕ್ರ ತಿರುಗುವ ಗಾಡಿಯಲ್ಲಿ ಎರಡು ಹೊಸ ಟೈರು, ಎರಡು ಬೋಳು ಟೈರು ಇದ್ದರೆ ಅವು ಬೇರೆ ಬೇರೆ ವೇಗದಲ್ಲಿ ಸುತ್ತಿ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ನಡುವಿನ ಡಿಫರೆನ್ಷಿಯಲ್ಲನ್ನೋ ಕಪ್ಲಿಂಗನ್ನೋ ಬೇಯಿಸುತ್ತವೆ. ಪರೀಕ್ಷೆ ಸುಲಭ. ಒಣಗಿದ ಟಾರಿನ ಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಮೆಲ್ಲಗೆ ಒಂದು ಸುತ್ತು ಹೊಡೆಯಿರಿ. ಸರಾಗವಾಗಿ ಉರುಳಬೇಕು. ಯಾರೋ ಹಿಂದೆ ಹಿಡಿದೆಳೆದಂತೆ ತಡೆದರೆ, ಟೈರು ಕಿರುಗುಟ್ಟಿ ಕುಪ್ಪಳಿಸಿದರೆ, ನಡುವೆ ಏನೋ ಬಿಗಿದುಕೊಂಡಿದೆ. ಲಿವರ್ ಹಾಕಿದಾಗ ಮಾತ್ರ ಫೋರ್ ವೀಲ್ ಆಗುವ ಹೈಲಕ್ಸ್‌ನಂಥ ಪಿಕಪ್‌ಗಳ ಮಾತು ಬೇರೆ. ಅವುಗಳಲ್ಲಿ ನಡುವಿನ ಡಿಫರೆನ್ಷಿಯಲ್ಲೇ ಇರುವುದಿಲ್ಲ. ಒಣ ರಸ್ತೆಯಲ್ಲಿ ಟೂ ವೀಲ್‌ನಲ್ಲೇ ಓಡಿಸಬೇಕು, ಈ ಸುತ್ತನ್ನೂ ಟೂ ವೀಲ್‌ನಲ್ಲೇ ಹೊಡೆಯಬೇಕು.

ಇನ್ನು ಉಳಿದದ್ದು ಪ್ಲೇಟು. ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಕೆಳಗೋ ಕಂಪನಿ ಅಂಟಿಸಿದ ಪುಟ್ಟ ಫಲಕ. ಯುರೋಪಿನ ಮಾದರಿಯದಾದರೆ ಅದರಲ್ಲಿ ನಾಲ್ಕು ತೂಕ ಇರುತ್ತವೆ. ಮೊದಲನೆಯದು ಜನ, ಸಾಮಾನು ಸೇರಿ ಗಾಡಿ ಎಷ್ಟು ತೂಗಬಹುದು ಅನ್ನುವುದು. ಎರಡನೆಯದು ಗಾಡಿ, ಟ್ರೈಲರ್ ಎರಡೂ ಸೇರಿ. ಕೊನೆಯ ಎರಡು, ಒಂದೊಂದು ಆಕ್ಸಲ್ ಹೊರಬಹುದಾದದ್ದು. ಮೊದಲನೆಯದು 2900, ಎರಡನೆಯದು 5400 ಇದ್ದರೆ, ಗಾಡಿ ತುಂಬಿದಾಗ ಟ್ರೈಲರಿಗೆ ಉಳಿಯುವುದು 2500. ಜಾಹೀರಾತಿನಲ್ಲಿ 3500 ಅಂತ ಬರೆದಿದ್ದರೂ ಅಷ್ಟೆ. ಟೋ ಬಾಲ್ ಮೇಲೆ ಒತ್ತುವ ಭಾರವೂ ಮೊದಲನೆಯ ಸಂಖ್ಯೆಯೊಳಗೇ ಬರಬೇಕು. ಮನೆಮಂದಿ, ನಾಯಿ, ಜೀನು ತುಂಬಿಕೊಂಡು ಹೊರಟರೆ ಇಲ್ಲೇ ಮಿತಿ ಮೀರುವುದು. ಎರಡನೆಯ ಸಂಖ್ಯೆಯ ಜಾಗ ಖಾಲಿ ಇದ್ದರೆ, ಸೊನ್ನೆ ಇದ್ದರೆ, ಆ ಗಾಡಿ ಎಳೆಯುವುದಕ್ಕೆ ಮಾಡಿದ್ದಲ್ಲ. ಒಂದೇ ಮಾಡೆಲ್ಲಿನಲ್ಲೂ ಗೇರ್ ಬಾಕ್ಸ್ ಬೇರೆಯಾದರೆ ಸಂಖ್ಯೆ ಬದಲಾಗುತ್ತದೆ. ಗೆಳೆಯರ ಗಾಡಿ ನೋಡಿ ತೀರ್ಮಾನ ಮಾಡಬೇಡಿ. ಫೋನ್ ಮಾಡಿದಾಗಲೇ ಪ್ಲೇಟಿನ ಫೋಟೊ ಕಳಿಸಲು ಹೇಳಿ, ಟ್ರೈಲರಿನ ಪ್ಲೇಟಿನ ಜೊತೆ ಹೋಲಿಸಿ. ಲೆಕ್ಕ ಕೂಡದಿದ್ದರೆ ಗಾಡಿ ನೋಡಲು ಅಷ್ಟು ದೂರ ಹೋಗುವ ಕೆಲಸವೇ ತಪ್ಪುತ್ತದೆ.