ಇಪ್ಪತ್ತನೇ ದಿನದ ಮೊಟ್ಟೆಯೊಳಗೆ

ಕಾವಿಗೆ ಕೂತ ಹೇಂಟೆಯ ಹೊಟ್ಟೆಯಡಿಯಿಂದ ಇಪ್ಪತ್ತನೇ ದಿನ ಒಂದು ಮೊಟ್ಟೆ ತೆಗೆದು ಕಿವಿಗೆ ಹಿಡಿದರೆ, ಒಳಗೆ ಟಿಕ್ ಟಿಕ್ ಅನ್ನುವ ಸದ್ದು ಕೇಳುತ್ತದೆ. ಕೆಲವೊಮ್ಮೆ ಸಣ್ಣಗೆ ಚಿಂವ್ ಅನ್ನುವುದೂ ಉಂಟು. ಚಿಪ್ಪಿನ ಮೇಲೆ ಒಂದು ಗೀರೂ ಇರುವುದಿಲ್ಲ, ಆದರೂ ಒಳಗೆ ಯಾರೋ ಎದ್ದಿದ್ದಾರೆ.

ನಾನು ಇದನ್ನು ಮೊದಲ ಸಲ ಕೇಳಿದಾಗ ತುಂಬಾ ಚಿಕ್ಕವನು. ಮರುದಿನ ಬೆಳಗ್ಗೆ ಅದೇ ಮೊಟ್ಟೆಯ ಮೇಲೆ ಸಣ್ಣದೊಂದು ಬಿರುಕು ಬಿಟ್ಟಿತ್ತು. ಮಧ್ಯಾಹ್ನವಾದರೂ ಅಷ್ಟೇ ಇತ್ತು. ಮರಿ ಒಳಗೇ ಸಿಕ್ಕಿಹಾಕಿಕೊಂಡಿದೆ ಅಂದುಕೊಂಡು ಉಗುರಿನಿಂದ ಚಿಪ್ಪು ಬಿಡಿಸಿದೆ. ಪೊರೆ ಹರಿದ ಕಡೆ ರಕ್ತ ಜಿನುಗಿತು. ಮರಿಯ ಹೊಟ್ಟೆಗೆ ಅಂಟಿಕೊಂಡ ಹಳದಿ ಚೀಲ ಇನ್ನೂ ಹೊರಗೇ ಇತ್ತು. ಸಂಜೆಯೊಳಗೆ ಮರಿ ಸತ್ತುಹೋಯಿತು. ಅಜ್ಜಿ ಬೈಯಲಿಲ್ಲ. "ಇಪ್ಪತ್ತು ದಿನ ಅದು ಕೂತೈತೆ, ಇನ್ನೊಂದು ದಿನ ಬಿಡಬೇಕಿತ್ತು ಕಣೋ" ಅಂದಳು, ಅಷ್ಟೇ.

ಆ ಒಂದು ದಿನದಲ್ಲಿ ಒಳಗೆ ನಡೆಯುವ ಕೆಲಸ ಎಂಥದ್ದು ಅಂತ ಗೊತ್ತಾದ ಮೇಲೆ ಅಜ್ಜಿಯ ಮಾತು ನನಗೆ ಪೂರ್ತಿ ಅರ್ಥವಾಯಿತು.

ಮೊಟ್ಟೆಯ ಚಿಪ್ಪು ಕಲ್ಲಿನಂತೆ ಕಂಡರೂ ಅದರಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ಗಾಳಿ ಅಲ್ಲಿಂದಲೇ ಒಳಗೆ ಹೋಗುತ್ತದೆ, ನೀರಿನ ಆವಿ ಹೊರಗೆ ಬರುತ್ತದೆ. ಕಾವಿನ ದಿನಗಳಲ್ಲಿ ಮೊಟ್ಟೆ ತನ್ನ ತೂಕದ ಶೇಕಡಾ 12ರಿಂದ 14ರಷ್ಟನ್ನು ಹೀಗೆ ಕಳೆದುಕೊಳ್ಳುತ್ತದೆ. 40 ಗ್ರಾಂ ತೂಗುವ ನಾಟಿ ಮೊಟ್ಟೆಯಾದರೆ ಸುಮಾರು 5 ಗ್ರಾಂ. ಹೋದ ನೀರಿನ ಜಾಗಕ್ಕೆ ಗಾಳಿ ಬರುತ್ತದೆ. ಮೊಟ್ಟೆಯ ದಪ್ಪ ತುದಿಯಲ್ಲಿ ಒಂದು ಗಾಳಿಗೂಡು ದಿನದಿನಕ್ಕೂ ದೊಡ್ಡದಾಗುತ್ತದೆ. ಬೇಯಿಸಿದ ಮೊಟ್ಟೆ ಸುಲಿಯುವಾಗ ಒಂದು ತುದಿಯಲ್ಲಿ ತಗ್ಗು ಕಾಣುತ್ತದಲ್ವಾ? ಅದೇ ಜಾಗ. ಮರಿಯ ಮೊದಲ ಉಸಿರು ಅಲ್ಲಿ ಕಾದಿರುತ್ತದೆ.

ಅಲ್ಲಿಯವರೆಗೆ ಮರಿ ಶ್ವಾಸಕೋಶದಿಂದ ಉಸಿರಾಡುವುದಿಲ್ಲ. ಚಿಪ್ಪಿನ ಒಳಮೈಗೆ ಒತ್ತಿಕೊಂಡು ಒಂದು ಪೊರೆ ಹರಡಿರುತ್ತದೆ. ಅದರ ತುಂಬ ರಕ್ತನಾಳಗಳು. ರಂಧ್ರಗಳಿಂದ ಬಂದ ಗಾಳಿಯನ್ನು ಈ ರಕ್ತವೇ ಹೀರಿ ಮರಿಗೆ ತಲುಪಿಸುತ್ತದೆ. ಮೂಳೆಗೆ ಬೇಕಾದ ಸುಣ್ಣದ ಅಂಶವೂ ಚಿಪ್ಪಿನಿಂದ ಇದೇ ದಾರಿಯಲ್ಲಿ ಬರುತ್ತದೆ. ಹೀಗೆ ಚಿಪ್ಪು ಒಳಗಿನಿಂದ ತೆಳ್ಳಗಾಗುತ್ತ ಹೋಗುತ್ತದೆ. ಒಡೆಯಬೇಕಾದ ಗೋಡೆಯನ್ನೇ ಕರಗಿಸಿ ಮರಿ ಮೂಳೆ ಕಟ್ಟಿಕೊಳ್ಳುತ್ತದೆ!

ಹದಿನೆಂಟನೇ ದಿನದ ಹೊತ್ತಿಗೆ ಮರಿ ತಲೆಯನ್ನು ಬಲರೆಕ್ಕೆಯ ಅಡಿಗೆ ತಂದುಕೊಂಡು, ಕೊಕ್ಕನ್ನು ಗಾಳಿಗೂಡಿನ ಕಡೆ ತಿರುಗಿಸಿ ಮಲಗಿರುತ್ತದೆ. ಆಮೇಲೆ ಒಂದು ಹೊತ್ತಿನಲ್ಲಿ ಕೊಕ್ಕು ಒಳಪೊರೆಯನ್ನು ಚುಚ್ಚಿ ಗಾಳಿಗೂಡಿಗೆ ನುಗ್ಗುತ್ತದೆ. ಶ್ವಾಸಕೋಶ ಮೊದಲ ಸಲ ಗಾಳಿ ಎಳೆದುಕೊಳ್ಳುತ್ತದೆ. ಕಿವಿಗೆ ಹಿಡಿದಾಗ ಕೇಳುವ ಸದ್ದು ಈ ಹೊತ್ತಿನದ್ದು.

ಅಷ್ಟು ಚಿಕ್ಕ ಗೂಡಿನ ಗಾಳಿ ಎಷ್ಟು ಹೊತ್ತು ಸಾಕಾಗುತ್ತದೆ? ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಅದು ಏರಿದಂತೆ ಮರಿಯ ಕತ್ತಿನ ಹಿಂದಿನ ಸ್ನಾಯು ಸೆಟೆಯತೊಡಗುತ್ತದೆ. ಈ ಒಂದು ಕೆಲಸಕ್ಕಾಗಿಯೇ ಆ ಸ್ನಾಯು ಈ ದಿನಗಳಲ್ಲಿ ಊದಿಕೊಂಡಿರುತ್ತದೆ. ತಲೆ ಹಿಂದಕ್ಕೆ ಜಗ್ಗಿದಾಗಲೆಲ್ಲ ಕೊಕ್ಕಿನ ತುದಿಯ ಮೇಲಿರುವ ಬಿಳಿ ಗಡಸು ಮೊನೆ ಚಿಪ್ಪಿಗೆ ಬಡಿಯುತ್ತದೆ. ಹೊರಗೆ ಬಿರುಕು ಬಿಡುತ್ತದೆ.

ನಾನು ತಪ್ಪಿದ್ದು ಇಲ್ಲೇ. ಬಿರುಕು ಬಿಟ್ಟ ಮೇಲೆ ಮರಿ ಗಂಟೆಗಟ್ಟಲೆ ಸುಮ್ನೆ ಇರುತ್ತದೆ. 12 ಗಂಟೆ, ಕೆಲವೊಮ್ಮೆ 24 ಗಂಟೆ. ನೋಡುವವರಿಗೆ ಸುಸ್ತಾಗಿ ಬಿದ್ದಿದೆ ಅನ್ನಿಸುತ್ತದೆ. ಆದರೆ ಆ ಹೊತ್ತಿನಲ್ಲೇ ಪೊರೆಯ ನಾಳಗಳಲ್ಲಿದ್ದ ರಕ್ತ ಮೆಲ್ಲಗೆ ಮೈಯೊಳಕ್ಕೆ ವಾಪಸ್ಸಾಗುತ್ತದೆ. ಉಳಿದ ಹಳದಿಯ ಚೀಲ ಹೊಕ್ಕುಳಿನ ದಾರಿಯಲ್ಲಿ ಹೊಟ್ಟೆಯೊಳಗೆ ಸೇರುತ್ತದೆ, ಹೊಕ್ಕುಳು ಮುಚ್ಚಿಕೊಳ್ಳುತ್ತದೆ. ಇದೆಲ್ಲ ಮುಗಿಯುವ ಮೊದಲೇ ಚಿಪ್ಪು ಬಿಡಿಸಿದರೆ ಇನ್ನೂ ಓಡುತ್ತಿರುವ ರಕ್ತನಾಳವನ್ನೇ ಹರಿದಂತೆ.

ಮುಗಿದ ಮೇಲೆ ಮರಿಯೇ ಕೆಲಸ ಶುರು ಮಾಡುತ್ತದೆ. ಒಂದೆರಡು ಪೆಟ್ಟು ಹೊಡೆದು ಸ್ವಲ್ಪ ತಿರುಗುತ್ತದೆ. ಮತ್ತೆ ಪೆಟ್ಟು, ಮತ್ತೆ ತಿರುಗು. ದಪ್ಪ ತುದಿಯಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ. ಡಬ್ಬಿಯ ಮುಚ್ಚಳ ಕೊರೆದ ಹಾಗೆ ಸುತ್ತಲೂ ಚಿಪ್ಪು ಬಿರಿಯುತ್ತದೆ. ಆಮೇಲೆ ಕಾಲು ಒದ್ದು ಹೊರಗೆ ಬರುತ್ತದೆ, ಮೈಯೆಲ್ಲ ಒದ್ದೆ.

ಮೊಟ್ಟೆಗಳು ತಮ್ಮತಮ್ಮಲ್ಲೂ ಸುದ್ದಿ ಕೊಟ್ಟುಕೊಳ್ಳುತ್ತವೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಮಾರ್ಗರೆಟ್ ವಿನ್ಸ್ ಅನ್ನುವ ವಿಜ್ಞಾನಿ 1960ರ ದಶಕದಲ್ಲಿ ಲಾವಕ್ಕಿ ಜಾತಿಯ ಹಕ್ಕಿಗಳ ಮೊಟ್ಟೆಗಳ ಮೇಲೆ ಇದನ್ನು ತೋರಿಸಿದರು. ಒಂದಕ್ಕೊಂದು ತಾಗಿಕೊಂಡಿದ್ದ ಮೊಟ್ಟೆಗಳು ಹೆಚ್ಚುಕಡಿಮೆ ಒಟ್ಟಿಗೇ ಒಡೆದವು. ದೂರ ಇಟ್ಟವು ಬೇರೆಬೇರೆ ಹೊತ್ತಿಗೆ ಒಡೆದವು. ಟಿಕ್ ಟಿಕ್ ಸದ್ದು ಕೇಳಿ ಹಿಂದುಳಿದವು ಬೇಗ ಬರುತ್ತವೆ. ಕೋಳಿಯಲ್ಲಿ ತಾಯಿಯ ಪಾತ್ರವೂ ಇದೆ. ಚಿಪ್ಪಿನೊಳಗಿನ ಮರಿ ಅತ್ತರೆ ಹೇಂಟೆ ಮೆಲುದನಿಯಲ್ಲಿ ಕೊಕ್ ಕೊಕ್ ಅನ್ನುತ್ತದೆ. ಆ ದನಿಯನ್ನು ಒಮ್ಮೆ ಕಿವಿಗೊಟ್ಟು ಕೇಳಿ. 

ಹಾಗಾದರೆ ನಾವು ಮಾಡಬೇಕಾದ್ದು ಏನು? ಹೇಂಟೆಯನ್ನು ನೋಡಿಕೊಳ್ಳಬೇಕು. ಇಷ್ಟು ದಿನ ಅದು ದಿನಕ್ಕೊಮ್ಮೆ ಎದ್ದು ಮೇದು ಬರುತ್ತಿತ್ತು, ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸುತ್ತಿತ್ತು. ಕೊನೆಯ ದಿನಗಳಲ್ಲಿ ಹೊರಳಿಸುವುದು ನಿಲ್ಲುತ್ತದೆ, ಏಳುವುದೂ ಅಪರೂಪ. ಎದೆಯ ಪುಕ್ಕ ಉದುರಿ, ಬರಿ ಚರ್ಮವೇ ಮೊಟ್ಟೆಗೆ ತಾಗಿ ಶಾಖ ಕೊಡುತ್ತಿರುತ್ತದೆ. ತೂಕ ಇಳಿದಿರುತ್ತದೆ. ಮಂಕರಿಯ ಹತ್ತಿರವೇ ನೀರು, ನಾಲ್ಕು ಕಾಳು ಇಡಿ. ಹುಂಜ, ಬೇರೆ ಕೋಳಿಗಳು ಹತ್ತಿರ ಬರದಂತೆ ಮರೆ ಮಾಡಿ. ಬೇರೆ ಹೇಂಟೆ ಬಂದು ಜೊತೆಗೆ ಮೊಟ್ಟೆ ಇಟ್ಟರೆ ಲೆಕ್ಕವೇ ತಪ್ಪುತ್ತದೆ. ಹಾವು, ಮುಂಗುಸಿ ಬಾರದ ಹಾಗೆ ಬಾಗಿಲು ಭದ್ರ ಇರಲಿ. ಕೋಳಿಹೇನು ಹತ್ತಿದ್ದರೆ ಅದನ್ನು ಮೊದಲ ವಾರಗಳಲ್ಲೇ ನೋಡಿಕೊಂಡಿರಬೇಕು. ಹೇನಿನ ಕಾಟಕ್ಕೆ ಕೊನೆಗಳಿಗೆಯಲ್ಲಿ ಗೂಡು ಬಿಟ್ಟೆದ್ದ ಹೇಂಟೆಗಳನ್ನು ಕಂಡಿದ್ದೇನೆ.

ನಮ್ಮಜ್ಜಿ ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಮಂಕರಿಯಲ್ಲಿ ಒಂದು ಕಬ್ಬಿಣದ ತುಂಡು, ಇದ್ದಿಲು ಇಡುತ್ತಿದ್ದಳು. ಅದರಿಂದ ಲಾಭವಿದೆ ಅಂತ ನಾನು ನಂಬುವುದಿಲ್ಲ. ಆದರೆ ಮಳೆ ಬಂದಾಗ ಹುಲ್ಲು ಒದ್ದೆಯಾಗಿದೆಯಾ ಅಂತ ಅವಳು ಮುಟ್ಟಿ ನೋಡುತ್ತಿದ್ದಳಲ್ಲ, ಅದು ನಿಜವಾಗಿಯೂ ಮೊಟ್ಟೆ ಕಾಯುತ್ತಿತ್ತು.

ಕೈ ಹಾಕಲೇಬೇಕಾದ ಸಂದರ್ಭವೂ ಇದೆ. ಬಿರುಕು ಬಿಟ್ಟು ಪೂರ್ತಿ ಒಂದು ದಿನ ಕಳೆದಿದೆ, ಉಳಿದ ಮರಿಗಳೆಲ್ಲ ಹೊರಬಂದು ಮೈ ಒಣಗಿವೆ, ತೂತಿನ ಅಂಚಿನ ಪೊರೆ ಕಂದಾಗಿ ಕಾಗದದಂತೆ ಒಣಗಿ ಮರಿಗೆ ಅಂಟಿಕೊಂಡಿದೆ. ಆಗ ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಪೊರೆಯನ್ನು ಮೆತ್ತಗೆ ಮಾಡಿ. ಕೊಕ್ಕಿಗೆ ನೀರು ತಾಗಬಾರದು. ದಪ್ಪ ತುದಿಯ ಚಿಪ್ಪನ್ನು ಮಾತ್ರ ಚೂರುಚೂರೇ ಬಿಡಿಸಿ. ಒಂದೇ ಒಂದು ಕೆಂಪು ಎಳೆ ಕಂಡರೂ ಅಲ್ಲಿಗೇ ನಿಲ್ಲಿಸಿ, ಮೊಟ್ಟೆಯನ್ನು ತಾಯಿಯಡಿಗೆ ವಾಪಸ್ ಇಟ್ಟು ಕೆಲವು ಗಂಟೆ ಕಾಯಿರಿ. ಕೆಳಗಿನ ಅರ್ಧ ಚಿಪ್ಪನ್ನು ಮರಿಗೇ ಬಿಡಿ. ಎಳೆದು ತೆಗೆಯಬೇಡಿ.

ಹೊರಬಂದ ಮರಿಗೆ ತಿನ್ನಿಸುವ ಅವಸರವೂ ಬೇಡ. ಹೊಟ್ಟೆಯೊಳಗೆ ಸೇರಿದ ಹಳದಿ ಎರಡು ದಿನ ನಡೆಸುತ್ತದೆ. ಒಂದು ದಿನದ ಮರಿಗಳನ್ನು ರಟ್ಟಿನ ಡಬ್ಬಿಯಲ್ಲಿ ಊರಿಂದೂರಿಗೆ ಸಾಗಿಸಲು ಆಗುವುದು ಈ ಬುತ್ತಿಯಿಂದಲೇ. ಹೇಂಟೆಗೂ ಅದು ಬಿಡುವು ಕೊಡುತ್ತದೆ. ಹುಟ್ಟಿದ ಮರಿಗಳನ್ನು ರೆಕ್ಕೆಯಡಿ ಇಟ್ಟುಕೊಂಡು ತಡವಾದವಕ್ಕೆ ಇನ್ನೂ ಕೂತಿರುತ್ತದೆ.

ಅದು ತಾನಾಗಿ ಎದ್ದ ದಿನ ನುಚ್ಚು ಚೆಲ್ಲಿ. ತಟ್ಟೆಯ ನೀರಿಗೆ ನಾಲ್ಕು ಬೆಣಚುಕಲ್ಲು ಹಾಕಿ, ಮರಿ ಮುಳುಗುವುದಿಲ್ಲ. ಒಂದು ಮರಿಯನ್ನು ಅಂಗೈಲಿ ಹಿಡಿದು ಕೊಕ್ಕಿನ ತುದಿ ನೋಡಿ. ಸಾಸಿವೆಗಿಂತ ಸಣ್ಣ ಬಿಳಿ ಮೊನೆ ಇನ್ನೂ ಅಲ್ಲಿರುತ್ತದೆ. ಕೆಲವೇ ದಿನಗಳಲ್ಲಿ ಅದು ಉದುರಿಹೋಗುತ್ತದೆ.