ಬಿಳಿ ರಕ್ತಕಣ 40 ಸಾವಿರಕ್ಕೆ ‘ಇಳಿಯುವುದು’ ಹೇಗೆ?

‘ಡೆಂಗಿ ಜ್ವರ, ಬಿಳಿ ರಕ್ತಕಣ 40 ಸಾವಿರಕ್ಕೆ ಇಳಿದಿದೆ, ರಕ್ತದಾನಿಗಳು ಬೇಕು’ ಎಂಬ ಮೆಸೇಜು ಮೊನ್ನೆ ಮತ್ತೆ ಬಂತು. ಎಷ್ಟನೇ ಸಲವೋ ಲೆಕ್ಕ ಬಿಟ್ಟಿದ್ದೇನೆ. ದೊಡ್ಡವರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಬಿಳಿ ಕಣ ಇರಬೇಕಾದ್ದೇ ಸುಮಾರು 4,000ದಿಂದ 11,000. ಹಾಗಿದ್ದಾಗ 40 ಸಾವಿರ ಅಂದರೆ ವಿಪರೀತ ಜಾಸ್ತಿ ಆಯಿತು, ಅಲ್ವಾ? ಬರೆದವರು ಹೇಳಬೇಕೆಂದಿದ್ದು ಪ್ಲೇಟ್‌ಲೆಟ್. ಅದು ಸುಮಾರು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುತ್ತದೆ.

ಈ ಗೊಂದಲಕ್ಕೆ ಸಣ್ಣದೊಂದು ನೆಪ ಸಿಗಬಹುದು. ರಕ್ತದ ಟ್ಯೂಬನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಕೆಂಪು ಕಣ ತಳಕ್ಕಿಳಿಯುತ್ತದೆ, ಹಳದಿ ನೀರು ಮೇಲೆ ನಿಲ್ಲುತ್ತದೆ. ನಡುವೆ ಹಾಲಿನ ಕೆನೆಯಂಥ ತೆಳು ಬಿಳಿ ಪದರ. ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ಅದರಲ್ಲೇ ಇರುತ್ತವೆ. ಸಾಲದ್ದಕ್ಕೆ ಡೆಂಗಿಯಲ್ಲಿ ಎರಡೂ ಕಮ್ಮಿಯಾಗುತ್ತವೆ. ಆದರೆ ಕೆಲಸ ಬೇರೆ. ಪ್ಲೇಟ್‌ಲೆಟ್ ರಕ್ತ ಸೋರದಂತೆ ತಡೆಯುತ್ತದೆ, ಬಿಳಿ ಕಣ ಸೋಂಕಿನ ಜೊತೆ ಹೋರಾಡುತ್ತದೆ. ವಸಡಿನಲ್ಲಿ ರಕ್ತ ಬಂದರೆ ಬಿಳಿ ಕಣವನ್ನು ಬೈದು ಪ್ರಯೋಜನವಿಲ್ಲ.

ಬಿಳಿ ಕಣ ನಿಜವಾಗಿಯೂ ಕಮ್ಮಿಯಾದರೆ ಅದರ ಹೆಸರು ಲ್ಯೂಕೋಪೀನಿಯಾ. ಗ್ರೀಕಿನಲ್ಲಿ ‘ಲ್ಯೂಕೋಸ್’ ಅಂದರೆ ಬಿಳಿ, ‘ಪೆನಿಯಾ’ ಅಂದರೆ ಬಡತನ. ಬಿಳಿಯ ಬಡತನ! ಲ್ಯೂಕೀಮಿಯಾ ಬೇರೆ. ಅದರ ಬಾಲದಲ್ಲಿರುವುದು ‘ಹೈಮಾ’, ಅಂದರೆ ರಕ್ತ. ಅದು ರಕ್ತದ ಕ್ಯಾನ್ಸರ್. ರಿಪೋರ್ಟಿನಲ್ಲಿ ಮೊದಲನೆಯದನ್ನು ನೋಡಿ ಎರಡನೆಯದೆಂದು ಅತ್ತವರನ್ನು ಕಂಡಿದ್ದೇನೆ.

ಕಾರಣಗಳಲ್ಲಿ ತೀರಾ ಸಾಮಾನ್ಯವಾದದ್ದು ವೈರಲ್ ಜ್ವರ. ಅದು ವಾಸಿಯಾದ ಮೇಲೆ ಲೆಕ್ಕ ತಾನಾಗಿ ಏರುತ್ತದೆ. ಟೈಫಾಯ್ಡ್, ಕೀಮೋಥೆರಪಿ, ಥೈರಾಯ್ಡಿಗೆ ಕೊಡುವ ಕಾರ್ಬಿಮಜೋಲ್‌ನಂಥ ಮಾತ್ರೆ, ಬಿ12 ಕೊರತೆ, ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ), ಊದಿದ ಗುಲ್ಮ, ಮೂಳೆಮಜ್ಜೆಯ ತೊಂದರೆ, ಹೀಗೆ ಪಟ್ಟಿ ಉದ್ದ ಇದೆ. ಕೆಲವರಿಗೆ ಹುಟ್ಟಿನಿಂದಲೇ ಸ್ವಲ್ಪ ಕಮ್ಮಿ ಇರುತ್ತದೆ, ಆರಾಮಾಗಿಯೇ ಇರುತ್ತಾರೆ.

ಲಕ್ಷಣ? ಲೆಕ್ಕ ಕಮ್ಮಿಯಾದದ್ದು ಮೈಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಸೋಂಕು ಹತ್ತಿದಾಗ: ಜ್ವರ, ಚಳಿ, ಬಾಯಿಹುಣ್ಣು, ಗಂಟಲುನೋವು. ತೀರಾ ಕಮ್ಮಿ ಇದ್ದಾಗ ಗಾಯದಲ್ಲಿ ಕೀವು ಕೂಡ ಸರಿಯಾಗಿ ಆಗದೆ ಇರಬಹುದು. ಕೀವಿನ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ (ಬಿಳಿ ಕಣದಲ್ಲೇ ಒಂದು ಬಗೆ). ಅವೇ ಇಲ್ಲದಿದ್ದರೆ ಕೀವು ಎಲ್ಲಿಂದ ಬರಬೇಕು?

ಅದಕ್ಕೇ ವೈದ್ಯರು ಒಟ್ಟು ಸಂಖ್ಯೆಗಿಂತ ನ್ಯೂಟ್ರೋಫಿಲ್ ಲೆಕ್ಕ ಹಾಕುತ್ತಾರೆ. ಒಟ್ಟು 3,600 ಇದ್ದು ಅದರಲ್ಲಿ ಶೇ. 60 ನ್ಯೂಟ್ರೋಫಿಲ್ ಇದ್ದರೆ 2,160 ಆಯಿತು, ಸಾಕು. ಅದೇ 3,600ರಲ್ಲಿ ಶೇ. 10 ಅಂದರೆ ಬರೀ 360. 500ಕ್ಕಿಂತ ಕೆಳಗೆ ಇಳಿದವರಿಗೆ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯುವಂತಿಲ್ಲ, ಆಗಲೇ ಆಸ್ಪತ್ರೆಗೆ ಹೊರಡಬೇಕು.