ಎಣ್ಣೆ ಬದಲಾಯಿಸಿದಿರಿ ಸರಿ, ಕಾಸ್ಟಿಕ್ ಲೆಕ್ಕ?

ಕಳೆದ ವಾರ ಮೊಬೈಲಿಗೆ ಒಂದು ಫೋಟೊ ಬಂತು. ಚಂದದ ಸೋಪು. ಅಂಚು ನೀಟಾಗಿ ಕತ್ತರಿಸಿದ್ದಾರೆ, ನಡುವೆ ಕೆಮ್ಮಣ್ಣಿನ ಬಣ್ಣದ ಅಲೆ. ಕೆಳಗೆ ಒಂದು ಸಾಲು: "ಮೇಡಂ, ಆರು ವಾರ ಒಣಗಿಸಿದೀನಿ, ಆದ್ರೂ ಕೈ ಉರಿಯುತ್ತೆ. ಸುಗಂಧ ಜಾಸ್ತಿ ಆಯ್ತಾ?"

ಸೋಪು ಮಾಡುವುದನ್ನು ಕಲಿಸುವವಳಿಗೆ ಇಂಥ ಪ್ರಶ್ನೆ ತಿಂಗಳಿಗೆ ನಾಲ್ಕಾದರೂ ಬರುತ್ತದೆ. ಫೋನ್ ಮಾಡಿ ನನ್ನ ಮಾಮೂಲಿ ಪ್ರಶ್ನೆ ಕೇಳಿದೆ: ಯಾವ ಎಣ್ಣೆ, ಎಷ್ಟೆಷ್ಟು?

"ನೀವು ಬರೆಸಿದಷ್ಟೇ, ಒಟ್ಟು ಒಂದು ಕಿಲೋ. ತೆಂಗಿನೆಣ್ಣೆ ಮಾತ್ರ ಖಾಲಿಯಾಗಿತ್ತು, ಅದರ ಬದಲು ಆಲಿವ್ ಹಾಕ್ದೆ. ಕಾಸ್ಟಿಕ್ ಸೋಡಾ ಕರೆಕ್ಟಾಗಿ 141 ಗ್ರಾಂ ಮೇಡಂ, ಒಂಚೂರೂ ಹೆಚ್ಚುಕಮ್ಮಿ ಮಾಡಿಲ್ಲ."

ಹೆಚ್ಚುಕಮ್ಮಿ ಮಾಡಬೇಕಿತ್ತಲ್ಲ, ಅದೇ ತಪ್ಪಾಗಿದ್ದು.

ಅಡುಗೆಯಲ್ಲಿ ಒಂದು ಎಣ್ಣೆ ಇಲ್ಲದಿದ್ದರೆ ಇನ್ನೊಂದು ಹಾಕುತ್ತೇವೆ, ರುಚಿ ಸ್ವಲ್ಪ ಬೇರೆಯಾಗುತ್ತದೆ, ಅಷ್ಟೇ. ಸೋಪಿನಲ್ಲಿ ಹಾಗಲ್ಲ. ಇಲ್ಲಿ ಎಣ್ಣೆಯೇ ಕಾಸ್ಟಿಕ್ ಸೋಡಾ ಅನ್ನುವ ತೀಕ್ಷ್ಣ ಕ್ಷಾರದ ಜೊತೆ ಸೇರಿ ಸೋಪಾಗುತ್ತದೆ, ಮತ್ತು ಒಂದೊಂದು ಎಣ್ಣೆಗೆ ಬೇಕಾಗುವ ಕಾಸ್ಟಿಕ್ ಒಂದೊಂದು ಪ್ರಮಾಣ. ಒಂದು ಗ್ರಾಂ ತೆಂಗಿನೆಣ್ಣೆಗೆ ಸುಮಾರು 0.183 ಗ್ರಾಂ ಬೇಕು. ಆಲಿವ್‌ಗೆ 0.134 ಸಾಕು, ಹರಳೆಣ್ಣೆಗೆ 0.128.

ಯಾಕೆ ಹೀಗೆ ಅಂತ ಕೇಳುವವರಿಗೆ ನಾನು ಮೊಳೆ ತೋರಿಸುತ್ತೇನೆ. ಒಂದು ಕಿಲೋ ಸಣ್ಣ ಮೊಳೆ, ಒಂದು ಕಿಲೋ ಉದ್ದ ಮೊಳೆ. ತೂಕ ಒಂದೇ, ತಲೆಗಳು ಯಾವುದರಲ್ಲಿ ಹೆಚ್ಚು? ಸಣ್ಣದರಲ್ಲಿ. ಎಣ್ಣೆಯ ಕೊಬ್ಬಿನಾಮ್ಲಗಳೂ ಹಾಗೆಯೇ, ಇಂಗಾಲದ ಸರಪಳಿಗೊಂದು ತಲೆ, ಒಂದೊಂದು ತಲೆಗೂ ಕಾಸ್ಟಿಕ್ಕಿನ ಒಂದು ಅಣು. ತೆಂಗಿನೆಣ್ಣೆಯಲ್ಲಿ ಹೆಚ್ಚಾಗಿರುವುದು 12 ಇಂಗಾಲದ ಗಿಡ್ಡ ಲಾರಿಕ್ ಆಮ್ಲ, ಆಲಿವ್‌ನಲ್ಲಿ 18 ಇಂಗಾಲದ ಉದ್ದನೆಯ ಓಲಿಕ್ ಆಮ್ಲ. ತೆಂಗಿನೆಣ್ಣೆಗೆ ಕಾಸ್ಟಿಕ್ ಹೆಚ್ಚು ಬೇಕಾಗುವುದು ಇದಕ್ಕೇ.

ಈಗ ಆಕೆಯ ಪಾತ್ರೆಯನ್ನೇ ನೋಡೋಣ. ನಾನು ಬರೆಸಿದ್ದು ತೆಂಗಿನೆಣ್ಣೆ 300 ಗ್ರಾಂ, ಆಲಿವ್ 600, ಹರಳೆಣ್ಣೆ 100. ಅದಕ್ಕೆ ಬೇಕಾದ ಕಾಸ್ಟಿಕ್ 54.9, 80.4, 12.8, ಒಟ್ಟು 148.1 ಗ್ರಾಂ. ಅದರಲ್ಲಿ 5% ಬೇಕೆಂದೇ ಕಡಿಮೆ ಮಾಡಿ 141 ಅಂದಿದ್ದೆ. ಸ್ವಲ್ಪ ಎಣ್ಣೆ ಸೋಪಾಗದೆ ಉಳಿಯಲಿ, ಚರ್ಮಕ್ಕೆ ಹಿತ ಅಂತ. ಸೂಪರ್‌ಫ್ಯಾಟ್ ಅನ್ನುವುದು ಇದನ್ನೇ. ಆಕೆ ಹಾಕಿದ್ದು ಆಲಿವ್ 900, ಹರಳೆಣ್ಣೆ 100. ಇದು ಕೊನೆಯ ಹನಿಯವರೆಗೂ ಸೋಪಾದರೂ ಹಿಡಿಯುವುದು 133.4 ಗ್ರಾಂ. ಮಿಕ್ಕ ಏಳೂವರೆ ಗ್ರಾಂ ಕಾಸ್ಟಿಕ್ ಎಲ್ಲಿಗೆ ಹೋಗಬೇಕು? ಕೈ ಉರಿಸುವುದು ಅದೇ. ಒಣಗಿಸಿದರೆ ಹೋಗುವುದು ನೀರು. ಮೇಲ್ಮೈಯ ಕಾಸ್ಟಿಕ್ ಗಾಳಿಗೆ ಸ್ವಲ್ಪ ಕಾರ್ಬೊನೇಟ್ ಆದೀತು, ಒಳಗಿನದು ಒಳಗೇ ಕೂತಿರುತ್ತದೆ.

ಇದೇ ತಪ್ಪಿಗೆ ಇನ್ನೊಂದು ವೇಷವೂ ಇದೆ. "ಎಣ್ಣೆ ಒಂದು ಕಿಲೋ" ಅಂದರೆ ಒಂದು ಲೀಟರ್ ಅಳೆದು ಸುರಿಯುವುದು. ಒಂದು ಲೀಟರ್ ಎಣ್ಣೆ ತೂಗುವುದು ಸುಮಾರು 920 ಗ್ರಾಂ. 80 ಗ್ರಾಂ ಕೊರತೆ ಅಂದರೆ 8%. ನಾವು ಜೋಪಾನವಾಗಿ ಇಟ್ಟಿದ್ದ 5% ಅಲ್ಲೇ ಮಂಗಮಾಯ. ಲೀಟರ್ ಜಾರು ಕಪಾಟಿನಲ್ಲೇ ಇರಲಿ, ಒಂದು ಗ್ರಾಂ ತೋರಿಸುವ ತಕ್ಕಡಿ ಮೇಜಿನ ಮೇಲೆ ಬರಲಿ.

ಉರಿ ಅಂದಾಕ್ಷಣ ಎಲ್ಲವೂ ಕಾಸ್ಟಿಕ್ ಅಂತ ನಾನು ಫೋನಿನಲ್ಲೇ ತೀರ್ಪು ಕೊಡುವುದಿಲ್ಲ. ದಾಲ್ಚಿನ್ನಿ ಎಣ್ಣೆಯೂ ಚರ್ಮ ಕೆಣಕುತ್ತದೆ, ಕೆಲವರಿಗೆ ಲ್ಯಾವೆಂಡರೂ ಆಗುವುದಿಲ್ಲ. ಸುಗಂಧ ತೈಲ ಎಣ್ಣೆಯ ತೂಕದ 3% ದಾಟದಿರಲಿ, ದಾಲ್ಚಿನ್ನಿ, ಲವಂಗದಂಥವು ಅದಕ್ಕಿಂತ ಬಹಳ ಕಡಿಮೆ. ಚರ್ಮದ ಕಾಯಿಲೆ ಇದ್ದವರು ವೈದ್ಯರನ್ನೇ ಕೇಳಲಿ. ಆದರೆ ಲೆಕ್ಕದಲ್ಲೇ ಏಳೂವರೆ ಗ್ರಾಂ ಹೆಚ್ಚು ಕಾಣುವಾಗ ಪಾಪ ಸುಗಂಧವನ್ನು ಯಾಕೆ ಬೈಯಬೇಕು?

ಪ್ರಯೋಗ ಮಾಡಬೇಡಿ ಅಂತ ಖಂಡಿತ ಹೇಳುತ್ತಿಲ್ಲ. ಬಣ್ಣದಲ್ಲಿ ಮಾಡಿ. ಈಕೆಯ ಕೆಮ್ಮಣ್ಣಿನ ಬಣ್ಣ ಐರನ್ ಆಕ್ಸೈಡ್, ಕ್ಷಾರಕ್ಕೆ ಜಗ್ಗದ ಜಾತಿ. ಅಲ್ಟ್ರಾಮರೀನ್ ನೀಲಿಯೂ ಹಾಗೆಯೇ. ಹೂವಿನ ಪುಡಿ, ಬೀಟ್‌ರೂಟ್ ಹಾಕಿದವರು ಮಾತ್ರ ಮರುದಿನ ನನಗೆ ಫೋನ್ ಮಾಡುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ನಿವೃತ್ತ ಗಣಿತ ಮೇಷ್ಟ್ರು. ದಾಸವಾಳದ ಪುಡಿ ಹಾಕಿ ಗುಲಾಬಿ ಸೋಪಿನ ಕನಸು ಕಂಡರು, ಅಚ್ಚಿನಿಂದ ಬಂದದ್ದು ಬೂದಿಬಣ್ಣ. ನೋಟ್‌ಬುಕ್ಕಿನಲ್ಲಿ "ಫಲಿತಾಂಶ: ಮೊಮ್ಮಗಳು ಮುಟ್ಟಲಿಲ್ಲ" ಅಂತ ಬರೆದಿಟ್ಟಿದ್ದರು. ಅಂಥ ನೋಟ್‌ಬುಕ್ ಇರುವವರನ್ನು ಕಂಡರೆ ನನಗೆ ವಿಶೇಷ ಪ್ರೀತಿ. ಅರಿಶಿನವೂ ಹಸಿ ಸೋಪಿನಲ್ಲಿ ಕೆಂಪಗಾಗಿ ಹೆದರಿಸುತ್ತದೆ, ಆಮೇಲೆ ತಿಳಿಯಾಗುತ್ತಾ ಬಂದು ಬೆಳಕಿಗೆ ಮಾಸುತ್ತದೆ.

ನಾನೇನು ಸಾಚಾ ಅಲ್ಲ. ಶುರುವಿನ ದಿನಗಳಲ್ಲಿ ಲವಂಗದೆಣ್ಣೆಯನ್ನು ಧಾರಾಳವಾಗಿ ಸುರಿದಿದ್ದೆ. ಮಿಶ್ರಣ ಕಣ್ಣೆದುರೇ ಗಟ್ಟಿಯಾಗಿ, ಹ್ಯಾಂಡ್ ಬ್ಲೆಂಡರ್ ಪಾತ್ರೆಯ ನಡುವೆ ಯಾರೂ ಹಿಡಿಯದೆ ನೆಟ್ಟಗೆ ನಿಂತಿತ್ತು. ಅದರಲ್ಲಿರುವ ಯೂಜಿನಾಲ್‌ನ ಕೆಲಸ ಅದು. ವೆನಿಲಾ ಹಾಕಿದ ಬಿಳಿ ಸೋಪು ಕಂದು ತಿರುಗಿದ್ದೂ ಆಗಿದೆ. ಆದರೆ ಆ ಎರಡು ಬ್ಯಾಚಿನಿಂದಲೂ ಸ್ನಾನ ಮಾಡಿದೆವು, ಯಾರ ಕೈಯೂ ಉರಿಯಲಿಲ್ಲ.

ಆಕೆಯ ಸೋಪಿಗೆ ದಾರಿ ಇತ್ತು. ಕತ್ತರಿಸಿದಾಗ ಒಳಗೆ ಬಿಳಿ ಗಂಟುಗಳೋ ದ್ರವ ತುಂಬಿದ ಗುಳಿಗಳೋ ಕಂಡಿದ್ದರೆ ಎಸೆಯಿರಿ ಅನ್ನುತ್ತಿದ್ದೆ, ಹಾಗೇನೂ ಇರಲಿಲ್ಲ. ಕೈಗವಸು ಹಾಕಿಕೊಂಡು ತುರಿದು, ಸ್ವಲ್ಪ ನೀರಿನೊಂದಿಗೆ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ, ಸುಮಾರು 110 ಗ್ರಾಂ ಆಲಿವ್ ಎಣ್ಣೆ ಸೇರಿಸಿ ಬೇಯಿಸಿ ಅಂದೆ. ಅಲ್ಯೂಮಿನಿಯಂ ಬೇಡ, ಕಾಸ್ಟಿಕ್ ಅದನ್ನು ತಿನ್ನುತ್ತದೆ. ಮತ್ತೆ ಒಣಗಿಸಿ, ಒಂದು ಚೂರಿನ ಮೇಲೆ ಫಿನಾಲ್ಫ್ಥಲೀನ್ (ಕ್ಷಾರ ಹೆಚ್ಚಿದ್ದರೆ ಗುಲಾಬಿಯಾಗುವ ದ್ರಾವಣ) ಹನಿ ಬಿಟ್ಟು ನೋಡಿ, ಗಾಢ ಗುಲಾಬಿಯಾದರೆ ನನಗೆ ತಿಳಿಸಿ ಅಂತಲೂ ಹೇಳಿದೆ.

ಅರ್ಧ ಗಂಟೆ ಬಿಟ್ಟು ಮೆಸೇಜು: "ಮೇಡಂ, ಆಲಿವ್ ಖಾಲಿ. ಸೂರ್ಯಕಾಂತಿ ಎಣ್ಣೆ ಹಾಕ್ಲಾ?"

ಬೈಯಲು ಬಾಯಿ ತೆರೆದೆ. ಆಮೇಲೆ ಯಾವ ಎಣ್ಣೆಗೆ ಎಷ್ಟು ಕಾಸ್ಟಿಕ್ ಅನ್ನುವ ಕೋಷ್ಟಕ ನೆನಪಾಯಿತು. ಸೂರ್ಯಕಾಂತಿಯದೂ ಹೆಚ್ಚುಕಡಿಮೆ 0.134. ಹಾಕಿ ಅಂದೆ.